ನಿಮಗೊಂದು ಕಾಲ್ ಇದೆ

ಅಮ್ಮನ ಜೊತೆ ಫೋನಿನಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಮಾತಾಡಿದವರು ಯಾರೂ ಇರಲಿಲ್ಲ, ಹೆತ್ತ ಮಗಳೂ ಸೇರಿದಂತೆ. ಎದುರಿಗೆ ಕೂತರೆ ಹೊತ್ತು ಹೋದದ್ದೇ ಗೊತ್ತಾಗದ ಹಾಗೆ ಹರಟುವ ಹೆಂಗಸು, ಫೋನು ಕಿವಿಗೆ ತಾಗಿದ್ದೇ ತಡ, ಆಫೀಸಿನವಳಾಗಿಬಿಡುತ್ತಿದ್ದಳು. ಮಗಳು ನಗುತ್ತಿರಲಿ, ಅಳುತ್ತಿರಲಿ, ಮಾತು ಅರ್ಧಕ್ಕೇ ನಿಂತಿರಲಿ, "ಮೂರು ನಿಮಿಷ ಆಯ್ತು, ಇಡ್ತೀನಿ ಕಣೆ" ಎಂದು ಇಟ್ಟೇಬಿಡುತ್ತಿದ್ದಳು.

ಇದರಲ್ಲಿ ಕೋಪವೂ ಇಲ್ಲ, ತಾಪವೂ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿ ತಲೆ ನರೆಸಿಕೊಂಡವಳು ಅವಳು. ದೂರದ ಊರಿನವರೊಡನೆ ಮಾತಾಡಬೇಕೆಂದರೆ ಮೊದಲೇ ಬುಕ್ ಮಾಡಿ, ಫೋನಿನ ಪಕ್ಕದಲ್ಲಿ ಊಟ ತಿಂಡಿ ಬಿಟ್ಟು ಕಾದು ಕೂರಬೇಕಿದ್ದ ಕಾಲ ಅದು. ಅಷ್ಟು ಕಾದರೂ ಸಿಗುತ್ತಿದ್ದುದು ಮೂರು ನಿಮಿಷ. ಹುಟ್ಟು, ಸಾವು, ಜಗಳ, ರಾಜಿ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಸಾಲಾಗಿ ಕೂತ ಹೆಂಗಸರು, ಕಿವಿಗೆ ಹೆಡ್‌ಫೋನು, ಎದುರಿಗೆ ತೂತುಗಳಿರುವ ಹಲಗೆ, ಕೈಯಲ್ಲಿ ಜೋಡಿ ವೈರು. ಒಂದು ತುದಿ ಈ ಊರಿಗೆ ಸಿಕ್ಕಿಸಿದರೆ ಇನ್ನೊಂದು ತುದಿ ಆ ಊರಿಗೆ. "ಮಾತಾಡಿ" ಎಂದು ಹೇಳಿ ಆಪರೇಟರು ಹಿಂದೆ ಸರಿಯಬೇಕು. ಗಂಡ ತೀರಿಕೊಂಡು, ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಅವಳು ಕೊಟ್ಟ ಮೊದಲ ಕಾಲ್ ಯಾರದೋ ಮನೆಯಲ್ಲಿ ಮದುವೆ ಗೊತ್ತಾದ ಸುದ್ದಿಯದು. ಕಾಲ್ ಕೊಡುವಾಗ ಮೊದಲ ಎರಡು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ಅವಳು ಎಂದಿನ ದನಿಯಲ್ಲೇ "ಮಾತಾಡಿ" ಎಂದು ಹಿಂದೆ ಸರಿದಳಂತೆ.

ಊರಿನ ಅರ್ಧ ಗುಟ್ಟು ಅವಳ ಕಿವಿಯಲ್ಲಿದೆ ಎಂದು ಬೀದಿಯವರಿಗೆಲ್ಲ ಗುಮಾನಿ. "ಎದುರು ಮನೆಯವರ ಅಳಿಯ ಏನಂದನಂತೆ?" ಎಂದು ಯಾರಾದರೂ ಮೆಲ್ಲಗೆ ಮೂಗು ತೂರಿಸಿದರೆ ಅಮ್ಮನ ಉತ್ತರ ಸಿದ್ಧವಿರುತ್ತಿತ್ತು: "ನನ್ನ ಕಿವಿ ಆಫೀಸಿಂದು ಕಣ್ರೀ. ಬರೋವಾಗ ಅಲ್ಲೇ ಬಿಟ್ಟು ಬಂದಿದೀನಿ."

ಇಂಥ ತಾಯಿಗೆ ಹುಟ್ಟಿದ ಮಗಳು ಡ್ರೈವಿಂಗ್ ಕಲಿಸುವ ಟೀಚರ್ ಆದಳು. ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಇಡೀ ದಿನ ಅದರ ಮೇಲೊಂದು ಕಾಲಿಟ್ಟು ಕೂರುವುದೇ ಅವಳ ಕಸುಬು. ಹಾಗೆ ಕೂತು ಕೂತು ಮನೆಯಲ್ಲೂ ಅದೇ ಚಾಳಿಯಾಗಿತ್ತು. ಗಂಡ ಕುರ್ಚಿ ಹತ್ತಿ ಬಲ್ಬು ಹಾಕಿದರೂ ಇವಳ ಕಾಲು ನೆಲವನ್ನು ಒತ್ತುತ್ತಿತ್ತು. ಇವರೊಂದಿಗೇ ಇದ್ದ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಾಗ ಕೇಳಬೇಕೆ? ಮನೆಯ ತುಂಬ ಹಿಡಿಕೆಗಳು ಬಂದವು, ಚಾಪೆಗಳು ಮಾಯವಾದವು, ಅಮ್ಮ ಎದ್ದು ನಿಂತರೆ "ಎಲ್ಲಿಗೆ?" ಎಂಬ ಪ್ರಶ್ನೆ ಬರತೊಡಗಿತು.

ಒಂದು ದಿನ ಅಮ್ಮನೇ ಹೇಳಿದಳು. "ನೋಡು, ಬೆಳಗ್ಗೆ ನೀವಿಬ್ರೂ ಹೋಗ್ತೀರ, ಸಂಜೆ ಬರ್ತೀರ. ನಡುವೆ ನಾನು ಗೋಡೆ ಜೊತೆ ಮಾತಾಡ್ಬೇಕು. ಆ ಸರ್ಕಲ್ ದಾಟಿದ್ರೆ ಹಿರಿಯರ ನಿವಾಸ ಇದೆಯಲ್ಲ, ಅಲ್ಲಿ ನೋಡ್ಕೊಳ್ಳೋರೂ ಇದಾರೆ, ಜನಾನೂ ಇದಾರೆ. ನಾನು ಅಲ್ಲಿಗೆ ಹೋಗ್ತೀನಿ."

"ಜನ ಏನಂತಾರಮ್ಮ? ತಾಯೀನ ಹೊರಗೆ ಹಾಕಿದ್ಳು ಅಂತಾರೆ."

"ಊರ ಬಾಯಿಗೆ ಬಟ್ಟೆ ಕಟ್ಟೋಕಾಗುತ್ತಾ? ಅಂದ್ಕೊಳ್ಲಿ. ನನ್ನ ಹೊರಗೆ ಹಾಕೋ ಧೈರ್ಯ ನಿನಗೆ ಇದ್ದಿದ್ರೆ ನಾನೇ ಮೆಚ್ಕೋತಿದ್ದೆ."

ಹಾಗೆ ಅಮ್ಮ ಒಂದು ಸೂಟ್‌ಕೇಸು, ಒಂದು ಗೋಡೆ ಗಡಿಯಾರದೊಂದಿಗೆ ನಿವಾಸ ಸೇರಿದಳು. ಮೂರು ಮಹಡಿಯ ಕಟ್ಟಡ. ಓಣಿಯುದ್ದಕ್ಕೂ ಗೋಡೆಗೆ ಹಿಡಿಕೆ, ಕೋಣೆಗೊಂದು ಕಿಟಕಿ, ಮಂಚದ ಪಕ್ಕ ಒಂದು ಫೋನು, ಬಚ್ಚಲಲ್ಲಿ ಎಳೆದರೆ ಗಂಟೆ ಬಾರಿಸುವ ಕೆಂಪು ದಾರ. ಕೆಳಗಿನೆರಡು ಮಹಡಿಗಳಲ್ಲಿ ತಮ್ಮ ಪಾಡಿಗೆ ತಾವು ಓಡಾಡುವವರು. ಮೂರನೆಯದು ಮರೆವಿನ ಕಾಯಿಲೆಯವರದು. ಅಲ್ಲಿನ ಬಾಗಿಲಿಗೆ ಬೀಗ, ಕೋಣೆಗಳಲ್ಲಿ ಫೋನಿಲ್ಲ. ಮಗಳು ಪ್ರತಿ ವಾರ ತಪ್ಪದೆ ನಿವಾಸಕ್ಕೆ ಫೋನ್ ಮಾಡುತ್ತಿದ್ದಳು, ಅದೂ ಮ್ಯಾನೇಜರಿಗೆ. ಅಮ್ಮ ಮಾತ್ರೆ ತೊಗೊಂಡಳಾ, ನಿದ್ದೆ ಬಂತಾ, ಮೆಟ್ಟಿಲು ಹತ್ತಿದಳಾ? ಅಮ್ಮನನ್ನೇ ಕೇಳಿದರೆ ಎಲ್ಲದಕ್ಕೂ "ಚೆನ್ನಾಗಿದೀನಿ" ಎಂದು ಮೂರು ನಿಮಿಷಕ್ಕೆ ಮುಗಿಸುತ್ತಾಳೆ. ಮ್ಯಾನೇಜರ್ ಮೇಡಂ ಆದರೆ ಸರಿಯಾಗಿ ವರದಿ ಒಪ್ಪಿಸುತ್ತಾರೆ.

ಆ ವರದಿಗಳಿಂದಲೇ ಮಗಳಿಗೆ ತಿಳಿಯಿತು, ಅಮ್ಮ ಮತ್ತೆ ಕೆಲಸಕ್ಕೆ ಸೇರಿದ್ದಾಳೆಂದು. ನಿವಾಸದ ಮುಂಬಾಗಿಲ ಬಳಿ ಒಂದು ಮೇಜು, ಅದರ ಮೇಲೆ ಗುಂಡಿಗಳ ಫೋನ್ ಬೋರ್ಡು. ಹೊರಗಿನ ಕಾಲ್ ಬಂದರೆ ಒಂದು ಕೆಂಪು ದೀಪ ಮಿನುಗುತ್ತದೆ. ಗುಂಡಿ ಒತ್ತಿ ಆಯಾ ಕೋಣೆಗೆ ಕೊಡಬೇಕು. ಅಲ್ಲಿದ್ದ ಹುಡುಗಿ ಒಂದು ಕೈಯಲ್ಲಿ ಔಷಧಿ ಚೀಟಿ, ಇನ್ನೊಂದು ಕೈಯಲ್ಲಿ ಸಹಿ ಪುಸ್ತಕ ಹಿಡಿದು, ಹೆಗಲಿಗೂ ಕಿವಿಗೂ ನಡುವೆ ರಿಸೀವರ್ ಸಿಕ್ಕಿಸಿಕೊಂಡು ಒದ್ದಾಡುವುದನ್ನು ಅಮ್ಮ ಒಂದು ವಾರ ನೋಡಿದಳು. ಎರಡನೇ ವಾರ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಮೂರನೇ ವಾರ ಬೆಳಗಿನ ಹೊತ್ತು ಆ ಬೋರ್ಡು ಅವಳದೇ ಆಯಿತು. ಬೆನ್ನು ನೆಟ್ಟಗೆ ಮಾಡಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕೂರುವ ಅವಳಿಗೆ ಅಲ್ಲಿಯವರು ಎಕ್ಸ್‌ಚೇಂಜ್ ಅಮ್ಮ ಎಂದು ಹೆಸರಿಟ್ಟರು.

ಮಗಳಿಗೆ ಹೆಮ್ಮೆಯಾಗಿತ್ತು. ಅಂಥದ್ದರಲ್ಲಿ ಮ್ಯಾನೇಜರ್ ಮೇಡಂ ತಾವಾಗಿ ಫೋನ್ ಮಾಡಿ "ಸ್ವಲ್ಪ ಬಂದು ಹೋಗ್ತೀರಾ?" ಎಂದಾಗ ಪಾಠವನ್ನು ಅರ್ಧಕ್ಕೇ ಬಿಟ್ಟು ಹೊರಟಳು.

ಮ್ಯಾನೇಜರ್ ಒಳ್ಳೆಯ ಹೆಂಗಸು. ಕೆಟ್ಟ ಸುದ್ದಿ ಹೇಳುವ ಮೊದಲು ಚಹಾ ತರಿಸುವವರು. "ನಿಮ್ಮ ತಾಯಿ ತಪ್ಪು ಕಾಲ್ ಕೊಡ್ತಿದಾರೆ," ಎಂದರು. "ಎರಡನೇ ಮಹಡಿಲಿ ಒಬ್ಬರು ಟೈಲರಮ್ಮ ಇದಾರೆ. ಅವರ ತಂಗಿ ಮಗ ಅಪರೂಪಕ್ಕೆ ಬಂದಿದ್ರು. ಕೋಣೆ ಫೋನ್ ಹೊಡೀತು, ಆ ತಂಗಿ ಮಗನೇ ಎತ್ತಿದ್ರು. ಆ ಕಡೆಯಿಂದ ಕೆಳಗಿನ ಮಹಡಿಯ ರಿಟೈರ್ಡ್ ಹೆಡ್‌ಮಾಸ್ಟರು, 'ನನಗೆ ಕಾಲ್ ಮಾಡಿದ್ರಂತಲ್ಲ' ಅಂತಾರೆ. ಇಲ್ಲಿಂದ ಯಾರೂ ಮಾಡೇ ಇಲ್ಲ ಅಂತ ಅವರು ನನ್ನ ಹತ್ತಿರ ದೂರು ತಂದ್ರು. ಲೈನ್ ಕೆಟ್ಟಿದೆ ಅಂತ ರಿಪೇರಿಯವರನ್ನ ಕರೆಸಿದೆ. ಲೈನ್ ಸರಿಯಾಗಿದೆ ಅಂದ್ರು. ಅಮ್ಮನ್ನ ಕೇಳಿದ್ರೆ 'ಹೌದು, ಬೆರಳು ತಪ್ಪತ್ತೆ, ವಯಸ್ಸಾಯ್ತಲ್ಲ' ಅಂತ ಒಪ್ಕೊಂಡ್ರು. ಹಿಂಗೆ ಬೇಕಾದಷ್ಟು ಸಲ ಆಗಿದೆಯಂತೆ."

ಮಗಳು ಚಹಾ ಮುಟ್ಟಲಿಲ್ಲ. "ಅಂದ್ರೆ?"

"ಸೋಮವಾರ ಡಾಕ್ಟರು ಬರ್ತಾರೆ. ಮರೆವು ಶುರುವಾಗಿದೆ ಅಂತ ಅವರು ಹೇಳಿದ್ರೆ, ಮೇಡಂ, ಮೇಲಿನ ಮಹಡಿಗೆ ಕಳಿಸೋದು ನಮ್ಮ ನಿಯಮ."

ಬೋರ್ಡಿನ ಮುಂದೆ ಅಮ್ಮ ಎಂದಿನಂತೆ ಕೂತಿದ್ದಳು. ಮಗಳು ಏನೂ ಅರಿಯದವಳಂತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಬೇರೆಯವರ ಕೈಕಾಲು ನೋಡುವುದೇ ಅವಳ ಅನ್ನ. ಕೆಂಪು ದೀಪ ಮಿನುಗಿತು. ಅಮ್ಮ ಗುಂಡಿ ಒತ್ತಿದಳು, ಸರಿಯಾದ ಕೋಣೆಗೇ ಕೊಟ್ಟಳು. ಮತ್ತೊಮ್ಮೆ ಮಿನುಗಿತು, ಅದೂ ಸರಿ. ಆಮೇಲೆ ಸ್ವಲ್ಪ ಹೊತ್ತು ಬೋರ್ಡು ಸುಮ್ಮನಿತ್ತು. ಯಾವ ದೀಪವೂ ಇಲ್ಲ. ಆಗ ಅಮ್ಮ ರಿಸೀವರ್ ಎತ್ತಿ ಒಂದು ಕೋಣೆಯ ಗುಂಡಿ ಒತ್ತಿದಳು. "ಹೆಡ್‌ಮಾಸ್ಟರೇ, ನಿಮಗೊಂದು ಕಾಲ್ ಇದೆ, ಲೈನಲ್ಲಿರಿ." ಇನ್ನೊಂದು ಗುಂಡಿ. "ಟೈಲರಮ್ಮ, ನಿಮಗೊಂದು ಕಾಲ್ ಇದೆ, ಲೈನಲ್ಲಿರಿ." ಮೂರನೆಯ ಗುಂಡಿ ಒತ್ತಿ ಇಬ್ಬರನ್ನೂ ಜೋಡಿಸಿದಳು. ರಿಸೀವರನ್ನು ಮಲಗಿದ ಮಗುವನ್ನು ಇಳಿಸುವ ಹಾಗೆ ಸದ್ದಿಲ್ಲದೆ ಇಳಿಸಿದಳು.

ಬ್ರೇಕ್ ಎಂದುಕೊಂಡು ತಪ್ಪಿ ಆಕ್ಸಿಲರೇಟರ್ ಒತ್ತುವವರ ಹೆಗಲು ಮೊದಲೇ ಹಾರುತ್ತದೆ. ಬೇಕಂತಲೇ ಒತ್ತುವವರ ಹೆಗಲು ಅಲುಗುವುದಿಲ್ಲ. ಮಗಳು ನೂರಾರು ಜನರ ಹೆಗಲು ನೋಡಿದ್ದಳು. ಅಮ್ಮನ ಹೆಗಲು ಅಲುಗಿರಲಿಲ್ಲ.

ಊಟವಾದ ಮೇಲೆ ಅಮ್ಮನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಗಳು ಕೇಳಿದಳು. "ಬೇಕಂತಲೇ ಮಾಡ್ತಿದೀಯ ಅಲ್ವಾ?"

"ಏನನ್ನ?"

"ಅಮ್ಮಾ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾರೆ. ನೀನು ಅದನ್ನೂ ಮಾಡ್ತಿಲ್ಲ, ಅಷ್ಟು ಪಕ್ಕಾ ಕಳ್ಳಿ ನೀನು."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಸೊಂಟ ಹಿಡಿದುಕೊಂಡು, ಮಂಚದ ಮೇಲೆ ಕೂತಳು. ಆಮೇಲೆ ಹೇಳಿದ್ದು ಮಗಳು ಎಂದೂ ಕೇಳಿರದ ಕಥೆ. ಎಕ್ಸ್‌ಚೇಂಜಿನಲ್ಲಿ ತಪ್ಪು ಜೋಡಣೆಗಿಂತ ದೊಡ್ಡ ಪಾಪ ಇರಲಿಲ್ಲ. ಒಮ್ಮೆ ಅವಳು ವೈರನ್ನು ಪಕ್ಕದ ತೂತಿಗೆ ಸಿಕ್ಕಿಸಿಬಿಟ್ಟಳು. ಲೈನು ಸರಿಯಾಗಿದೆಯೇ ಎಂದು ನೋಡಲು ಕಿವಿಗೊಟ್ಟರೆ, ಪರಸ್ಪರ ಪರಿಚಯವೇ ಇಲ್ಲದ ಒಬ್ಬ ಮುದುಕ, ಒಬ್ಬ ಮುದುಕಿ. ನೀವು ಯಾರು, ನೀವು ಯಾರು ಎನ್ನುತ್ತಲೇ ಇಬ್ಬರೂ ನಗುತ್ತಿದ್ದಾರೆ. ವೈರು ಕೀಳಲು ಚಾಚಿದ ಕೈ ಹಾಗೇ ನಿಂತಿತು. ಮೂರು ನಿಮಿಷವೂ ಬಿಟ್ಟಳು. ಮೇಲ್ವಿಚಾರಕಿ ನೋಡಿ ಮೆಮೊ ಕೊಟ್ಟಳು. ಇಡೀ ಸರ್ವೀಸಿನಲ್ಲಿ ಅವಳಿಗೆ ಸಿಕ್ಕ ಮೆಮೊ ಅದೊಂದೇ.

"ಇಲ್ಲಿ ಬೋರ್ಡಿನ ಮುಂದೆ ಕೂತ ಮೇಲೆ ಗೊತ್ತಾಯ್ತು ಕಣೆ. ಕೆಲವರ ಕೋಣೆಗೆ ದಿನಾ ಕಾಲ್ ಬರತ್ತೆ. ಕೆಲವರ ಗುಂಡಿ ಒತ್ತೋ ಪ್ರಸಂಗವೇ ಬರಲ್ಲ. ಹೆಡ್‌ಮಾಸ್ಟರು ಊಟಕ್ಕೆ ಹೋಗೋವಾಗ ದಿನಾ ಕೇಳೋರು, 'ನನಗೇನಾದ್ರೂ ಬಂದಿತ್ತಾ?' ಅಂತ. ಎಷ್ಟು ದಿನ ಇಲ್ಲ ಅನ್ನೋದು? ಕಾಲ್ ಮಾಡೋರು ಇಲ್ಲದಿದ್ರೆ ಹೋಗ್ಲಿ, ಜೋಡಿಸೋಳು ನಾನಿಲ್ವಾ?"

"ಇದನ್ನೇ ಮ್ಯಾನೇಜರಿಗೆ ಹೇಳು. ಮುಗೀತಲ್ಲ."

ಅಮ್ಮನ ಮುಖ ಗಂಭೀರವಾಯಿತು. "ಹೇಳಿದ್ರೆ ಇವತ್ತು ಸಂಜೆಗೆ ಓಣಿಗೆಲ್ಲ ಗೊತ್ತಾಗತ್ತೆ. ತಮಗೆ ಯಾರೂ ಕಾಲ್ ಮಾಡಿರ್ಲಿಲ್ಲ, ಈ ಮುದುಕಿ ಕನಿಕರಪಟ್ಟು ಗುಂಡಿ ಒತ್ತಿದ್ಳು ಅಂತ ಅವರಿಗೆ ತಿಳಿದ್ರೆ ಹೇಗಿರತ್ತೆ? ಅದಕ್ಕಿಂತ ನನಗೇ ಅರಳು ಮರಳು ಅಂದ್ಕೊಳ್ಲಿ ಬಿಡು."

"ಮೇಲಿನ ಮಹಡಿಗೆ ಹಾಕ್ತಾರಮ್ಮ! ಬೀಗ ಹಾಕಿರ್ತಾರೆ ಅಲ್ಲಿ. ಫೋನೂ ಇರಲ್ಲ."

"ಗೊತ್ತು." ಅಮ್ಮ ಮಂಚದ ಪಕ್ಕದ ಫೋನನ್ನು ಒಮ್ಮೆ ನೋಡಿದಳು. "ಲೈನ್ ಮೇಲಿನ ಮಾತು ಆಪರೇಟರ್ ಹೊರಗೆ ಹೇಳಬಾರದು. ನೀನೂ ಹೇಳಕೂಡದು. ನನ್ನ ಮೇಲಾಣೆ."

ಮಗಳಿಗೆ ಅಮ್ಮನನ್ನು ತಬ್ಬಿಕೊಳ್ಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. ಕಣ್ಣೊರೆಸಿಕೊಂಡು "ಹಾಗಾದ್ರೆ ನಡಿ ಮನೆಗೆ" ಎಂದಳು. "ನಾನು ಮನೆಗೆ ಬಂದ್ರೆ ಇವರ ಫೋನು ಹೊಡಿಯೋದು ಹೇಗೆ?" ಎಂದಳು ಅಮ್ಮ. ಇದಕ್ಕೇನು ಹೇಳುತ್ತೀರಿ! ತಮ್ಮ ಬುದ್ಧಿಯನ್ನೇ ಪಣಕ್ಕಿಟ್ಟು ಬೇರೆಯವರ ಮಾನ ಕಾಯುವ ಇಂಥವರು ಮೊಂಡರೂ ಆಗಿರುತ್ತಾರೆ. ಬ್ರೇಕ್ ಒತ್ತಿದರೆ ನಿಲ್ಲುವ ಜನವಲ್ಲ.

ಭಾನುವಾರವೆಲ್ಲ ಮಗಳು ಮನೆಯಲ್ಲಿ ಅತ್ತಿಂದಿತ್ತ ತಿರುಗಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆದರೆ ಅಂಥ ಉಪಾಯ ಹೊಳೆಯಲಿಲ್ಲ. ಸೋಮವಾರ ಪಾಠಗಳನ್ನೆಲ್ಲ ರದ್ದು ಮಾಡಿ, ಆಣೆ ಮುರಿದೇಬಿಡುವುದು ಎಂದು ಗಟ್ಟಿಮನಸ್ಸು ಮಾಡಿಕೊಂಡು ಮ್ಯಾನೇಜರ್ ಕೋಣೆಗೆ ಬಂದಳು. ಡಾಕ್ಟರು ಆಗಲೇ ಬಂದು ಕೂತಿದ್ದರು. ಮಗಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಟ್ಟದೆಯೇ ಇಬ್ಬರು ಒಳಗೆ ಬಂದರು. ಮುಂದೆ ಊರುಗೋಲಿನ ಹೆಡ್‌ಮಾಸ್ಟರು, ಹಿಂದೆ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಓಡಾಡುವ ಟೈಲರಮ್ಮ.

ಹೆಡ್‌ಮಾಸ್ಟರಿಗೆ ಕಿವಿ ಮಂದ. ಹಾಗಾಗಿ ಗುಟ್ಟನ್ನೂ ಮೈದಾನಕ್ಕೆ ಕೇಳಿಸುವ ಹಾಗೆ ಹೇಳುತ್ತಿದ್ದರು. "ಬಾಗಿಲು ಹಾಕಿ!" ಎಂದರು. ಟೈಲರಮ್ಮ ಹಾಕಿದರು.

"ಫೋನ್ ರಿಪೇರಿ ಮಾಡಿಸ್ತಿದೀರಂತೆ. ಮಾಡಿಸಕೂಡದು!"

"ಸಾರ್, ಫೋನ್ ಅಲ್ಲ, ಎಕ್ಸ್‌ಚೇಂಜ್ ಅಮ್ಮನಿಗೇ..." ಎಂದು ಮ್ಯಾನೇಜರ್ ತಡವರಿಸಿದರು.

"ಆಕೆಗೇನೂ ಆಗಿಲ್ಲ. ನನಗೆ ಯಾರೂ ಕಾಲ್ ಮಾಡಲ್ಲಮ್ಮ. ಮಾಡೋ ಅಂಥವರು ಯಾರೂ ಉಳಿದಿಲ್ಲ. ನನಗದು ಗೊತ್ತಿಲ್ವಾ? ಮೊದಲನೇ ಸಲ ಹೊಡೆದಾಗ ನಿಜ ಅಂದ್ಕೊಂಡೆ, ಓಡಿ ಹೋಗಿ ಎತ್ತಿದೆ. ಎರಡನೇ ಸಲ ಈಕೆ, 'ನಾನಲ್ಲ ಮಾಡಿದ್ದು, ನೀವೇ' ಅಂದ್ರು. ನಾನಲ್ಲ, ನೀವೇ! ಮೂರನೇ ಸಲಕ್ಕೆ ಇಬ್ಬರಿಗೂ ಗೊತ್ತಾಯ್ತು, ಇದು ಯಾರ ಕಿತಾಪತಿ ಅಂತ."

"ನಾವು ಸುಮ್ಮನಿದ್ವಿ," ಎಂದರು ಟೈಲರಮ್ಮ. "ಬೆಳಗ್ಗೆ ಎದ್ದು ತಲೆ ಬಾಚ್ಕೊಂಡು ಕಾಯ್ತೀನಿ ಈಗ. ಫೋನಲ್ಲಿ ಮಾತಾಡೋಕೆ ತಲೆ ಬಾಚ್ಕೋಬೇಕಾ ಅಂತ ಕೇಳ್ಬೇಡಿ. ನನ್ನ ತಂಗಿ ಮಗನಿಗೆ ಇದೆಲ್ಲ ಅರ್ಥ ಆಗಲ್ಲ."

ಡಾಕ್ಟರು ತಮ್ಮ ಬ್ಯಾಗನ್ನು ಮೆಲ್ಲಗೆ ಮುಚ್ಚಿದರು. ಹೆಡ್‌ಮಾಸ್ಟರು ಊರುಗೋಲನ್ನು ಮಗಳ ಕಡೆ ತಿರುಗಿಸಿದರು. "ನೋಡಮ್ಮ, ನಮಗೆ ಗೊತ್ತಿದೆ ಅನ್ನೋದು ನಿಮ್ಮ ತಾಯಿಗೆ ಗೊತ್ತಾಗಬಾರದು. ನಮಗೆ ನೋವಾಯ್ತೇನೋ ಅಂತ ಕೊರಗ್ತಾರೆ, ಪಾಪ. ಮಾಡೋದನ್ನ ನಿಲ್ಲಿಸಿಬಿಡ್ತಾರೆ."

ಅವರ ಮರ್ಯಾದೆ ಕಾಯಲು ಅಮ್ಮ ಹುಚ್ಚಿ ಅನ್ನಿಸಿಕೊಳ್ಳಲು ಸಿದ್ಧಳಾಗಿದ್ದಳು. ಅಮ್ಮನ ಮನಸ್ಸು ನೋಯದಿರಲಿ ಎಂದು ಅವರು ಏನೂ ತಿಳಿಯದವರಾಗಿದ್ದರು. ಮ್ಯಾನೇಜರ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು, ಕನ್ನಡಕ ಚೊಕ್ಕಟವಾಗಿಯೇ ಇತ್ತು.

ಮಧ್ಯಾಹ್ನ ಅಮ್ಮನಿಗೆ ಸುದ್ದಿ ಮುಟ್ಟಿತು. ಎಲ್ಲೋ ಒಂದು ವೈರು ಸಡಿಲವಾಗಿತ್ತಂತೆ, ಅದರದೇ ತಪ್ಪಂತೆ, ಡಾಕ್ಟರು ಬೇಡವಂತೆ, ಬೋರ್ಡು ಅವಳದೇ ಅಂತೆ. "ಎಕ್ಸ್‌ಚೇಂಜಲ್ಲಿ ಕೂದಲು ಬೆಳ್ಳಗೆ ಮಾಡ್ಕೊಂಡೋಳಿಗೆ ವೈರಿನ ಕಥೆ ಹೇಳ್ತಾರೆ," ಎಂದಳು ಅಮ್ಮ, ಮಗಳ ಮುಖವನ್ನೇ ದಿಟ್ಟಿಸುತ್ತಾ. "ನೀನೇನಾದ್ರೂ ಬಾಯಿ ಬಿಟ್ಯಾ?"

"ನಿನ್ನಾಣೆಗೂ ಇಲ್ಲ," ಎಂದಳು ಮಗಳು. ಅದು ನಿಜವೇ ಆಗಿತ್ತು.

ಅದಾದ ಮೇಲೆ ಎಲ್ಲ ಎಂದಿನಂತೆ ನಡೆಯಿತು. ಒಂದೇ ವ್ಯತ್ಯಾಸವೆಂದರೆ, ಅಮ್ಮ ಕೋಣೆಗೆ ಹೋಗಿ ಒಂದಿಷ್ಟು ಅಡ್ಡಾಗಿ ಬರಲಿ ಎಂದು ಬೆಳಗಿನ ಕೊನೆಗೆ ಸ್ವಲ್ಪ ಹೊತ್ತು ಹೆಡ್‌ಮಾಸ್ಟರು ಬೋರ್ಡಿನ ಮುಂದೆ ಕೂರತೊಡಗಿದರು. ಅಮ್ಮನೇ ಕಲಿಸಿದ್ದು. ಶಿಷ್ಯ ದಡ್ಡ, ಆದರೆ ಶ್ರದ್ಧೆ ಇದೆ ಎಂದು ಎಲ್ಲರೆದುರೂ ಹೇಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಮಗಳು ಹೊಸಬಳೊಬ್ಬಳಿಗೆ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸುವುದು ಹೇಗೆಂದು ಕಲಿಸುತ್ತಿದ್ದಳು. ಆಕೆ ಬೆವರು ಸುರಿಸಿ ಅಂತೂ ನಿಲ್ಲಿಸಿದ್ದಳು, ಇಂಜಿನ್ನು ಇನ್ನೂ ಗುರುಗುಟ್ಟುತ್ತಿತ್ತು. ಮಗಳ ಫೋನು ಹೊಡೆಯಿತು. ನಿವಾಸದ ನಂಬರು. ಈ ಹೊತ್ತಿನಲ್ಲೇಕೆ? ಬಿದ್ದಳೇ? ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

"ನಿಮಗೊಂದು ಕಾಲ್ ಇದೆ! ಲೈನಲ್ಲಿರಿ!" ಎಂದು ಫೋನು ಒಡೆಯುವ ಹಾಗೆ ಯಾರೋ ಕೂಗಿದರು. ಟಕ್ ಎಂದು ಲೈನು ಜೋಡಿಸಿದ ಸದ್ದಾಯಿತು. ಆಮೇಲೆ ಅಮ್ಮನ ದನಿ.

"ಏನೇ? ಕಾಲ್ ಮಾಡಿದೀಯಂತೆ? ಎಲ್ಲ ಚೆನ್ನಾಗಿದೀರ ತಾನೆ?"

ಮಗಳು ಮಾಡಿರಲಿಲ್ಲ. ಅಂದು ಮಾತ್ರವಲ್ಲ, ಅಮ್ಮ ನಿವಾಸ ಸೇರಿದ ಮೇಲೆ ಒಂದು ದಿನವೂ ಅಮ್ಮನ ಕೋಣೆಗೆಂದು ಫೋನ್ ಮಾಡಿರಲಿಲ್ಲ. ಪ್ರತಿ ವಾರ ಮ್ಯಾನೇಜರಿಗೆ ಮಾಡಿದ್ದಳು. ಆ ಬೋರ್ಡಿನ ಮುಂದೆ ಅಷ್ಟು ದಿನ ಕೂತು, ಯಾರಿಗೆ ಕಾಲ್ ಬರುತ್ತದೆ ಯಾರಿಗೆ ಬರುವುದಿಲ್ಲ ಎಂದು ನೋಡಿದವಳು, ತನ್ನ ಕೋಣೆಯ ಗುಂಡಿಯನ್ನೂ ನೋಡಿಯೇ ಇರಬೇಕು. ಬೋರ್ಡಿನಲ್ಲಿ ಮಗಳ ನಂಬರು ಮೂಡಿದಾಗಲೆಲ್ಲ, ತಾನು ಮಾತಾಡದೆ, ಅದನ್ನು ತನ್ನ ಕೈಯಾರೆ ಮ್ಯಾನೇಜರಿಗೆ ಜೋಡಿಸಿ ಹಿಂದೆ ಸರಿದಿರಬೇಕು. ಒಮ್ಮೆಯೂ ಅಂದಿರಲಿಲ್ಲ. ಅದನ್ನು ನೋಡಿದ್ದು ಆ ಕಿವಿ ಕೇಳದ ಹೆಡ್‌ಮಾಸ್ಟರು. ದೀಪದ ಕೆಳಗೇ ಕತ್ತಲೆ ಇತ್ತು, ಅದು ಮಗಳಿಗೆ ಈಗ ಕಂಡಿತು.

"ಹೂಂ ಅಮ್ಮ," ಎಂದಳು. "ನಾನೇ ಮಾಡಿದ್ದು."

ಈ ವಿದ್ಯೆಯನ್ನು ಹುಟ್ಟುಹಾಕಿದವಳಿಗೇ ಇದು ಗೊತ್ತಾಗದೆ ಇರುತ್ತದೆಯೇ? ಆದರೆ ಅಮ್ಮ ಅದರ ಸುದ್ದಿ ಎತ್ತಲಿಲ್ಲ.

"ಸರಿ ಹಾಗಾದ್ರೆ, ಹೇಳು," ಎಂದಳು.

ಮಗಳು ಹೇಳಿದಳು. ಕಲಿಯುವವರ ಪೆದ್ದುತನ, ಗಂಡನ ಬಲ್ಬು, ತನ್ನ ಮಂಡಿ ನೋವು, ಬಾಯಿಗೆ ಬಂದದ್ದೆಲ್ಲ. ಅಮ್ಮ, ಟೈಲರಮ್ಮ ತನಗೆ ಹೊಲಿದುಕೊಟ್ಟ ರವಿಕೆಯ ಒಂದು ತೋಳು ಉದ್ದ, ಒಂದು ಗಿಡ್ಡ ಆದ ಕಥೆ ಹೇಳಿದಳು. ಮೂರು ನಿಮಿಷ ಯಾವಾಗಲೋ ಆಗಿಹೋಗಿತ್ತು. ಅಮ್ಮನ ಕೋಣೆಯ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುವುದು ಫೋನಿನಲ್ಲೂ ಕೇಳುತ್ತಿತ್ತು. ಅಮ್ಮ ಇಡುತ್ತೇನೆ ಎನ್ನಲಿಲ್ಲ.

"ಹೊರಡೋಣ್ವಾ ಮೇಡಂ?" ಎಂದು ಸ್ಟಿಯರಿಂಗ್ ಹಿಡಿದವಳು ಪಿಸುಗುಟ್ಟಿದಳು.

ಮಗಳು ಬ್ರೇಕಿನಿಂದ ಕಾಲು ತೆಗೆದಳು. ಕೈ ಚಾಚಿ, ಕೀ ತಿರುಗಿಸಿ, ಇಂಜಿನ್ ಆರಿಸಿದಳು.